ಕಾವಲಿನ ಹೆಂಗಸರೂ ಸಂಧಾನದ ಸಭೆಯೂ

ಚಳ್ಳಕೆರೆ ಸೀಮೆಯ ಉಳ್ಳಾರ್ತಿ ಕಾವಲ್ ದೂರದಿಂದ ನೋಡುವವರಿಗೆ ಬರಿಯ ಬಯಲಾಗಿ ತೋರಿದರೂ, ಮೈಸೂರು ಅರಸರ ಅಮೃತಮಹಲ್ ದನಗಳಿಗಾಗಿ ಕಾದಿರಿಸಿದ್ದ ಹುಲ್ಲುಗಾವಲುಗಳಲ್ಲಿ ಒಂದಾಗಿ, ತಲೆಮಾರುಗಳಿಂದ ಸುತ್ತಣ ಹಳ್ಳಿಗಳ ಕುರಿಮಂದೆಗಳನ್ನು ಪೊರೆದ ನೆಲ. 2007ರಿಂದೀಚೆಗೆ ಈ ಕಾವಲೂ ನೆರೆಯ ವರವು, ಖುದಾಪುರದ ಕಾವಲುಗಳೂ ರಕ್ಷಣಾ ಸಂಶೋಧನೆಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಅಣುಶಕ್ತಿಗೂ ಬಾಹ್ಯಾಕಾಶಕ್ಕೂ ಬೇರೆ ಪಾಲು ಎಂಬಂತೆ ಹಂಚಲ್ಪಟ್ಟವು. ಗೋಡೆಗಳೆದ್ದವು, ಗ್ರಾಮಸ್ಥರು ಪ್ರತಿಭಟಿಸಿದರು, 2013ರಲ್ಲಿ ವ್ಯಾಜ್ಯವು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಚೆನ್ನೈ ಪೀಠವನ್ನು ಮುಟ್ಟಿ, 2014ರ ಆಗಸ್ಟಿನಲ್ಲಿ ವಿಲೇವಾರಿಯಾಯಿತು. ವ್ಯಾಜ್ಯ ಮುಗಿದಲ್ಲಿ ಶಾಂತಿ ಬಂದಿತೆಂದು ನಾನು ಒಪ್ಪಲಾರೆ.

ಇಲ್ಲಿ ನಡೆದುದು ಯುದ್ಧವಲ್ಲ. ಆದರೂ ಜೀವನಾಧಾರವನ್ನು ಕುರಿತ ಸಂಘರ್ಷವೇ, ಮತ್ತು ಅದರ ಭಾರ ಬಹುಪಾಲು ಹೆಂಗಸರ ಮೇಲೆ ಬಿದ್ದಿತು. ಕುರಿಯ ತುಪ್ಪಟವನ್ನು ಬಿಡಿಸಿ ನೂಲುವವಳು, ಕಂಬಳಿಯ ಹಾಸುನೂಲಿಗೆ ಹುಣಿಸೆಬೀಜದ ಗಂಜಿ ಕಾಸುವವಳು, ಮೇವನ್ನೂ ಪುಳ್ಳೆಯನ್ನೂ ಹೊತ್ತು ತರುವವಳು ಅವಳೇ ಆಗಿರುವಾಗ, ಮೇಯುವ ನೆಲ ಕಿರಿದಾದಷ್ಟೂ ಅವಳ ಕೈಗೆಲಸವೂ ಕೈಗಾಸೂ ಕ್ಷೀಣಿಸುವುದು ಸಹಜವಲ್ಲವೆ? ಹಾಗಿದ್ದೂ ನಿರ್ಣಯವಾಗುವಲ್ಲಿ ಅವಳಿಗೆ ಸಿಕ್ಕಿದ ಪೀಠವೆಷ್ಟು?

ಲೋಕವು ಈ ಪ್ರಶ್ನೆಯನ್ನು ತಡವಾಗಿಯಾದರೂ ಎತ್ತಿದೆ. ಸಂಘರ್ಷಾನಂತರದ ಸಂಧಾನದಲ್ಲಿ ಸ್ತ್ರೀಯರಿಗೆ ಸ್ಥಾನವಿರಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 2000ದ ಅಕ್ಟೋಬರಿನಲ್ಲಿ 1325ನೆಯ ನಿರ್ಣಯವನ್ನು ಅಂಗೀಕರಿಸಿತು. ಲೈಬೀರಿಯದ ಹೆಂಗಸರು, ಕ್ರೈಸ್ತರೂ ಮುಸ್ಲಿಮರೂ ಒಗ್ಗೂಡಿ, 2003ರಲ್ಲಿ ತಮ್ಮ ನಾಡಿನ ಅಂತರ್ಯುದ್ಧವನ್ನು ನಿಲ್ಲಿಸಲು ಆಕ್ರಾ ನಗರದಲ್ಲಿ ನಡೆದ ಮಾತುಕತೆಯ ಬಾಗಿಲಲ್ಲೇ ಕುಳಿತು, ಒಪ್ಪಂದವಾಗದೆ ನಾಯಕರನ್ನು ಹೊರಗೆ ಬಿಡೆವೆಂದು ಹಟ ಹಿಡಿದರು; ಅವರ ಮುಂದಾಳು ಲೇಮಾ ಬೋವಿಗೆ 2011ರಲ್ಲಿ ನೊಬೆಲ್ ಶಾಂತಿ ಪಾರಿತೋಷಿಕ ಬಂದಿತು.

ನಮ್ಮ ಕಾವಲಿನ ಹೆಂಗಸರಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಅರಣ್ಯಹಕ್ಕು ಕಾಯಿದೆಯು ಮೇಯಿಸುವ ಹಕ್ಕನ್ನೂ ಮನ್ನಿಸುತ್ತದೆ. ಅದರ ನಿಯಮಗಳ ಪ್ರಕಾರ ಗ್ರಾಮಸಭೆಗೆ ಬಂದವರಲ್ಲಿ ಮೂರರಲ್ಲೊಂದು ಪಾಲಾದರೂ ಸ್ತ್ರೀಯರಿರತಕ್ಕದ್ದು. ಪಂಚಾಯಿತಿಯ ಜೀವವೈವಿಧ್ಯ ಸಮಿತಿಗೂ 2004ರ ನಿಯಮಗಳಲ್ಲಿ ಇದೇ ಪ್ರಮಾಣ ವಿಧಿತವಾಗಿತ್ತು. ಉಳಿದ ಹುಲ್ಲುಗಾವಲಿನಲ್ಲಿ ಮಂದೆಯ ದಾರಿ ಯಾವುದು, ಕಟ್ಟೆಯ ನೀರು ಯಾರಿಗೆ, ಗೋಡೆಯೊಳಗಿನ ಸಂಸ್ಥೆಗಳಲ್ಲಿ ಊರವರಿಗೆ ಕೆಲಸವೆಷ್ಟು ಎಂಬುದನ್ನು ಗ್ರಾಮಸಭೆಯಲ್ಲಿಯೇ ಕೇಳಿ ಬರೆಯಿಸಬೇಕು. ಸಭೆಯನ್ನಂತೂ ಹಗಲಿನಲ್ಲಿ ಕರೆಯಬಾರದು; ಕೂಲಿಗೂ ಮೇವಿಗೂ ಹೋದವರು ಮರಳಿ, ಕುರಿಗಳು ಹಟ್ಟಿ ಸೇರಿದ ಮೇಲೆ, ಮೊದಲೇ ಡಂಗುರ ಹೊಡೆಸಿ ಕರೆಯಬೇಕು.