ಹಾರ್ಮೋನಿಯಮ್ಮಿನ ಮನೆಗಳು

ನಮ್ಮ ಸಂಗೀತಗಾರರನ್ನು "ತಮ್ಮ ಶ್ರುತಿ ಯಾವುದು?" ಎಂದು ಕೇಳಿದರೆ, ಗಂಡಸರು "ಒಂದೂವರೆ ಮನೆ" ಎನ್ನಬಹುದು, ಹೆಂಗಸರಾದರೆ "ಐದು ಮನೆ", "ಐದೂವರೆ ಮನೆ" ಎನ್ನುವುದು ವಾಡಿಕೆ. ಯಕ್ಷಗಾನದ ಭಾಗವತರು ಇದನ್ನೇ "ಕಪ್ಪು ಎರಡು", "ಬಿಳಿ ನಾಲ್ಕು" ಎಂದು ಹೇಳುವುದುಂಟು. ಈ ಮನೆ ಯಾವುದು, ಈ ಕಪ್ಪುಬಿಳಿಗಳು ಎಲ್ಲಿಯವು ಎಂದು ವಿಚಾರಿಸಿದವರು ವಿರಳ. ಇವು ಹಾರ್ಮೋನಿಯಮ್ಮಿನ ಪಟ್ಟಿಗಳು. ಪಾಶ್ಚಾತ್ಯರು 'ಸಿ' ಎಂದು ಕರೆಯುವ ಬಿಳಿಯ ಪಟ್ಟಿ ನಮಗೆ ಒಂದನೆಯ ಮನೆ. ಅಲ್ಲಿಂದ ಬಲಕ್ಕೆ ಬಿಳಿಯವನ್ನು ಎಣಿಸುತ್ತ ಹೋದರೆ ಎರಡು, ಮೂರು, ನಾಲ್ಕು. ನಡುವೆ ಬರುವ ಕರಿಯ ಪಟ್ಟಿ ಅರೆ ಮನೆ. ಮೂರಕ್ಕೂ ನಾಲ್ಕಕ್ಕೂ ನಡುವೆ ಕರಿಯ ಪಟ್ಟಿ ಇಲ್ಲದ ಕಾರಣ, ಮೂರೂವರೆ ಮನೆಯಲ್ಲಿ ಹಾಡುವವರನ್ನು ಯಾರೂ ಕಂಡಿಲ್ಲ. ಹಾರ್ಮೋನಿಯಂ ಎಂದರೆ ಮೂಗು ಮುರಿಯುವ ವಿದ್ವಾಂಸರೂ ತಮ್ಮ ಕಂಠದ ನೆಲೆಯನ್ನು ಹೇಳಬೇಕಾದಾಗ ಅದರ ಬಾಗಿಲಿಗೇ ಬರಬೇಕಾಗಿದೆ.

ಈ ಪಟ್ಟಿಗಳನ್ನು ಮರದಲ್ಲಿ ಕೊಯ್ದು, ಉಜ್ಜಿ, ಕೂಡಿಸುವುದೇ ಕಸುಬಾಗಿದ್ದ ಮನೆತನದಲ್ಲಿ ನಾವು ಬೆಳೆದೆವು. ಹಲಸೂರಿನ ಸೋಮೇಶ್ವರ ದೇವಾಲಯಕ್ಕೆ ಅನತಿದೂರದ ಒಂದು ಗಲ್ಲಿಯಲ್ಲಿ, ಮುಂದಿನ ಹಜಾರ ಕಾರ್ಖಾನೆ, ಹಿಂದಿನ ಎರಡು ಕೋಣೆಗಳು ಸಂಸಾರ. ಇಂಥ ಕಸುಬು ಪೇಟೆಯನ್ನು ಬಿಟ್ಟು ಈ ಭಾಗದಲ್ಲಿ ಬೇರೂರಿದ್ದೇಕೆ ಎಂದರೆ, ಅದಕ್ಕೆ ಕಾರಣ ದಂಡು. ೧೮೦೯ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ತಮ್ಮ ಸೈನ್ಯವನ್ನು ನೆಲೆಗೊಳಿಸಿದ ಮೇಲೆ, ದಂಡಿನ ಪ್ರದೇಶವು ಮೈಸೂರು ಸಂಸ್ಥಾನದ ನಡುವೆ ಇದ್ದೂ ೧೯೪೭ರವರೆಗೆ ರೆಸಿಡೆಂಟರ ಆಡಳಿತದಲ್ಲಿತ್ತು. ಅಲ್ಲಿ ಚರ್ಚುಗಳೆದ್ದವು, ಪಲ್ಟನ್ನುಗಳ ಬ್ಯಾಂಡುಗಳು ಬಂದವು, ಬಂಗಲೆಗಳಿಗೆ ಪಿಯಾನೋಗಳು ಬಂದವು. ವಾದ್ಯವೇನೋ ಹಡಗಿನಲ್ಲಿ ಬಂದೀತು. ಮಳೆಗಾಲದಲ್ಲಿ ಮರ ಉಬ್ಬಿ ಪಟ್ಟಿ ಸಿಕ್ಕಿಕೊಂಡರೆ ಅದನ್ನು ಬಿಡಿಸುವವನು ಹಡಗಿನಲ್ಲಿ ಬರುವಂತಿಲ್ಲ. ಈ ಕೆಲಸಕ್ಕೆ ಬಡಗಿಯ ಕೈಯೂ ಹಾಡುಗಾರನ ಕಿವಿಯೂ ಕೂಡಿದ ಸ್ಥಳೀಯರು ಬೇಕಾದರು. ನಮ್ಮ ಮುತ್ತಾತನವರು ಅಂಥವರಲ್ಲೊಬ್ಬರು. ರಿಪೇರಿಯಿಂದ ತಯಾರಿಕೆಗೆ ಬರುವುದು ಅಲ್ಲಿಂದ ಒಂದೇ ಹೆಜ್ಜೆ.

ವಾದ್ಯದ ಪೂರ್ವಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. ಲೋಹದ ತೆಳುವಾದ ನಾಲಗೆಯೊಂದು ಗಾಳಿಯಲ್ಲಿ ಅದುರಿ ನಾದವನ್ನು ಕೊಡುವ ತತ್ತ್ವವು ಚೀನದೇಶದ ಷೆಂಗ್ ಎಂಬ ಬಿದಿರಿನ ವಾದ್ಯದಲ್ಲಿ ಅತಿ ಪುರಾತನ ಕಾಲದಿಂದ ಇದೆ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದಬ್ಯಾನ್ ೧೮೪೦ರ ಸುಮಾರಿನಲ್ಲಿ, ಕಾಲಿನಿಂದ ತಿದಿಯನ್ನೊತ್ತುವ ತನ್ನ ವಾದ್ಯಕ್ಕೆ ಹಾರ್ಮೋನಿಯಂ ಎಂದು ಹೆಸರಿಟ್ಟನು. ಅದು ಕುರ್ಚಿಯ ಮೇಲೆ ಕೂರುವವರ ವಾದ್ಯ. ಅದೇ ಶತಮಾನದ ಕೊನೆಯ ಪಾದದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಕಾಲುಗಳನ್ನು ಕಿತ್ತುಹಾಕಿ, ತಿದಿಯನ್ನು ಪೆಟ್ಟಿಗೆಯ ಬೆನ್ನಿಗೆ ತಂದು, ಎಡಗೈಯಿಂದ ಗಾಳಿ, ಬಲಗೈಯಿಂದ ಸ್ವರ ಎಂಬ ಏರ್ಪಾಡನ್ನು ಮಾಡಿದರು. ಚಾಪೆಯ ಮೇಲೆ ಕೂರುವ ದೇಶಕ್ಕೆ ಒಗ್ಗುವ ವಾದ್ಯ ಆಗ ಹುಟ್ಟಿತು. ಕಾಲಿನ ಹಾರ್ಮೋನಿಯಂ ಮಾತ್ರ ನಮ್ಮಲ್ಲಿ ನಾಟಕದ ಕಂಪನಿಗಳ ಆಶ್ರಯ ಪಡೆಯಿತು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ಕೇಳಿಸುವ ಶ್ರುತಿ ಬೇಕಲ್ಲವೆ? ಗುಬ್ಬಿ ಕಂಪನಿಯಂಥ ಮಂಡಲಿಗಳ ರಂಗಗೀತೆಗಳು ಈ ಪೆಟ್ಟಿಗೆಯ ಆಸರೆಯಲ್ಲಿಯೇ ಬೆಳೆದವು. ಆರ್. ಪರಮಶಿವನ್ ಅವರು ಹಾರ್ಮೋನಿಯಂ ಮುಂದೆ ಕುಳಿತು ಆ ಮಟ್ಟುಗಳನ್ನು ಹಾಡಿದ್ದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಪೆಟ್ಟಿಗೆಯ ಒಳಗೆ ಇಣುಕೋಣ. ಹೊರಗಿನ ತಿದಿಯನ್ನು ಒತ್ತಿದಾಗ ಗಾಳಿಯು ಒಳಗಿನ ಇನ್ನೊಂದು ತಿದಿಯನ್ನು ತುಂಬುತ್ತದೆ; ಸ್ಪ್ರಿಂಗುಗಳು ಅದನ್ನು ಸದಾ ಒತ್ತುತ್ತಿರುವುದರಿಂದ, ನಮ್ಮ ಕೈ ಒಂದು ಕ್ಷಣ ತಡೆದರೂ ನಾದ ತಡೆಯುವುದಿಲ್ಲ. ಮೇಲಿನ ಹಲಗೆಯಲ್ಲಿ ಒಂದೊಂದು ಮನೆಗೂ ಒಂದು ರಂಧ್ರ. ಪಟ್ಟಿಯು ಏತದಂತೆ: ಮುಂದಿನ ತುದಿಯನ್ನು ಬೆರಳು ಅದುಮಿದರೆ ಹಿಂದಿನ ತುದಿ ಎದ್ದು ರಂಧ್ರದ ಮುಚ್ಚಳ ತೆರೆಯುತ್ತದೆ, ಗಾಳಿ ಹೊರನುಗ್ಗುವಾಗ ಹಿತ್ತಾಳೆಯ ನಾಲಗೆ ಅದುರುತ್ತದೆ. ಮೂರು ಸ್ಥಾಯಿಯ ಪೆಟ್ಟಿಗೆಗೆ ಸಾಮಾನ್ಯವಾಗಿ ೩೭ ಪಟ್ಟಿಗಳು. ಎರಡು ಸಾಲಿನ ವಾದ್ಯವಾದರೆ ನಾಲಗೆಗಳು ೭೪. ಮುಚ್ಚಳದ ಅಡಿಗೆ ಅಂಟಿಸುವ ಮೆತ್ತನೆಯ ತೊಗಲು ಕೂದಲೆಳೆಯಷ್ಟು ಸರಿದರೂ ಬೆರಳಿಡದ ಮನೆಯಲ್ಲಿ ನಾದ ಹೊರಡುತ್ತದೆ. ಈ ತೊಗಲನ್ನು ಚೌಕಚೌಕವಾಗಿ ಕತ್ತರಿಸುವುದು, ಪಟ್ಟಿಗಳಿಗೆ ಕ್ರಮವಾಗಿ ಅಂಕೆ ಹಾಕುವುದು, ಬಿದ್ದ ಹಿತ್ತಾಳೆಯ ಪುಡಿಯನ್ನು ಗುಡಿಸಿ ಡಬ್ಬಿಗೆ ತುಂಬುವುದು ಮನೆಯ ಮಕ್ಕಳ ಕೆಲಸ. ಅಂಕೆಯನ್ನು ಹಾಕದೆ ಪಟ್ಟಿಗಳನ್ನು ಬೆರೆಸಿದರೆ ಮತ್ತೆ ಕೂಡುವಂತಿರಲಿಲ್ಲ. ಏಕೆಂದರೆ ಒಂದೇ ಹಲಗೆಯಿಂದ ಕೊಯ್ದ ಪಟ್ಟಿಗಳು ಪಕ್ಕದ ಪಟ್ಟಿಯ ಜೊತೆ ಮಾತ್ರ ಉಜ್ಜದೆ ಹೊಂದುತ್ತಿದ್ದವು. ಸರಸ್ವತೀಪೂಜೆಯ ದಿನವೊಂದನ್ನು ಬಿಟ್ಟರೆ ನಿಶ್ಶಬ್ದವಾದ ಹಗಲನ್ನು ನಾವು ಬಾಲ್ಯದಲ್ಲಿ ಕಂಡಂತಿಲ್ಲ. ಪಾಠವನ್ನು ಗಟ್ಟಿಮಾಡುತ್ತಿದ್ದುದೂ ಯಾವುದಾದರೊಂದು ಮನೆಯ ಶ್ರುತಿಯಲ್ಲಿಯೇ.

ಆದರೆ ಕಾರ್ಖಾನೆಯ ಜೀವ ಇದ್ದದ್ದು ಮರದಲ್ಲಲ್ಲ, ಅರದಲ್ಲಿ. ನಾಲಗೆಯ ತುದಿಯನ್ನು ಅರದಿಂದ ಸವರಿದರೆ ತೂಕ ಕಡಮೆಯಾಗಿ ಸ್ವರ ಏರುತ್ತದೆ. ಬುಡವನ್ನು ಸವರಿದರೆ ಬಿಗಿ ಕಡಮೆಯಾಗಿ ಸ್ವರ ಇಳಿಯುತ್ತದೆ. ಎರಡೆಳೆತ ಹೆಚ್ಚಾದರೆ ಹಿಂದಿರುಗಿ ಇನ್ನೊಂದು ಕಡೆ ಸವರಬೇಕು. ಹೀಗೆ ನಾಲ್ಕು ಬಾರಿ ಆದರೆ ನಾಲಗೆಯೇ ನಿಸ್ಸತ್ವವಾಗುತ್ತದೆ. ಅರವನ್ನು ಹಿಡಿಯುವ ಅಧಿಕಾರ ನಮ್ಮ ದೊಡ್ಡಪ್ಪನವರೊಬ್ಬರಿಗೇ. ಅವರ ಬಳಿಗೆ ಎರಡು ಬಗೆಯ ಗಿರಾಕಿಗಳು ಬರುತ್ತಿದ್ದರು: ಶಿವಾಜಿನಗರದ ಕಡೆಯಿಂದ ಚರ್ಚಿನ ಹಾಡುಗಾರರು, ಹಲಸೂರಿನ ಕಡೆಯಿಂದ ಭಜನಮಂಡಲಿಯವರು. ಪೆಟ್ಟಿಗೆ ಒಂದೇ, ಮರ ಒಂದೇ, ಕ್ರಯವೂ ಒಂದೇ. ಗಾಂಧಾರ ಮಾತ್ರ ಬೇರೆ.

ಇದೇಕೆ ಎಂಬುದನ್ನು ಸ್ವಲ್ಪ ಲೆಕ್ಕದಿಂದ ತಿಳಿಯಬೇಕು. ಷಡ್ಜವು ಸೆಕೆಂಡಿಗೆ ೨೨೦ ಕಂಪನಗಳದ್ದೆಂದು ಇಟ್ಟುಕೊಳ್ಳೋಣ. ತಂಬೂರಿಯ ಮಂದ್ರದ ತಂತಿಯನ್ನು ಮೀಟಿದಾಗ ತಾನಾಗಿ ಮೂಡುವ ಸ್ವಯಂಭೂ ಗಾಂಧಾರಕ್ಕೆ ಹೊಂದುವ ಅಂತರಗಾಂಧಾರವು ಐದಕ್ಕೆ ನಾಲ್ಕರ ಪ್ರಮಾಣದಲ್ಲಿದ್ದು, ೨೭೫ ಕಂಪನಗಳಾಗುತ್ತವೆ. ಪಾಶ್ಚಾತ್ಯರ ಕೀಬೋರ್ಡಿನಲ್ಲಾದರೋ ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿರುವುದರಿಂದ ಅದೇ ಸ್ವರ ೨೭೭ಕ್ಕೂ ಸ್ವಲ್ಪ ಮೇಲೆ ನಿಲ್ಲುತ್ತದೆ. ಪಂಚಮದಲ್ಲಿ ತೊಂದರೆಯಿಲ್ಲ, ಇರಬೇಕಾದದ್ದು ೩೩೦, ಇರುವುದು ೩೨೯.೬. ಗಾಂಧಾರದಲ್ಲಿ ಎರಡು ಕಂಪನಗಳ ಈ ವ್ಯತ್ಯಾಸ ಕಾಗದದ ಮೇಲೆ ಅಲ್ಪವೆನಿಸೀತು. ತಂಬೂರಿಯ ಪಕ್ಕದಲ್ಲಿ ನುಡಿಸಿದರೆ ಕಿವಿಯಲ್ಲಿ ಅಲೆ ಎದ್ದು ಕುದಿಯುತ್ತದೆ. ಹಾಗಾದರೆ ಪಾಶ್ಚಾತ್ಯರು ಬುದ್ಧಿಗೆಟ್ಟು ಹೀಗೆ ಮಾಡಿದರೆ? ಅಲ್ಲ. ಯಾವ ಪಟ್ಟಿಯನ್ನು ಷಡ್ಜ ಮಾಡಿಕೊಂಡರೂ ಹಾಡು ಒಂದೇ ತೆರನಾಗಿ ಕೇಳಬೇಕು, ಹಾಡಿನ ನಡುವೆಯೇ ನೆಲೆ ಬದಲಾಗಬೇಕು, ನಾಲ್ಕು ಧ್ವನಿಗಳು ಕೂಡಿ ಹಾಡಬೇಕು. ಅದಕ್ಕಾಗಿ ಎಲ್ಲ ಮನೆಗಳಿಗೂ ಸ್ವಲ್ಪಸ್ವಲ್ಪ ಅನ್ಯಾಯವನ್ನು ಸಮನಾಗಿ ಹಂಚಿದರು. ಒಂದೇ ಷಡ್ಜದ ಮೇಲೆ ಕಚೇರಿಯುದ್ದಕ್ಕೂ ನಿಲ್ಲುವ ನಮಗೆ ಆ ಹಂಚಿಕೆ ಬೇಕಾಗಿಲ್ಲ.

ದೊಡ್ಡಪ್ಪನವರು ಈ ಲೆಕ್ಕವನ್ನು ಓದಿದವರಲ್ಲ. ಭಜನೆಯವರು ಪೆಟ್ಟಿಗೆ ಮಾಡಿಸಲು ಬಂದರೆ, "ಮೊದಲು ಹಾಡಿ ಸ್ವಾಮಿ" ಎನ್ನುತ್ತಿದ್ದರು. ಅವರ ಷಡ್ಜವನ್ನು ಹಿಡಿದು, ಆ ಮನೆಗೆ ತಕ್ಕಂತೆ ಗಾಂಧಾರ ನಿಷಾದಗಳನ್ನು ಇಳಿಸಿ ಕೊಡುತ್ತಿದ್ದರು. ಚರ್ಚಿನವರದಾದರೆ ಎಲ್ಲವನ್ನೂ ಸಮನಾಗಿ ಕೂಡಿಸುತ್ತಿದ್ದರು. ಹಾರ್ಮೋನಿಯಂ ಶ್ರುತಿಶುದ್ಧವಲ್ಲ ಎಂಬ ಆಕ್ಷೇಪಣೆಯ ಮುಕ್ಕಾಲು ಪಾಲು ಪೆಟ್ಟಿಗೆಗೆ ಸೇರಿದ್ದಲ್ಲ, ಅರಕ್ಕೆ ಸೇರಿದ್ದು ಎಂದು ನಾವು ತಿಳಿದುಕೊಂಡದ್ದು ಅಲ್ಲಿಯೇ; ಕಾಲೇಜಿನ ಭೌತಶಾಸ್ತ್ರವು ಆಮೇಲೆ ಅದಕ್ಕೆ ಅಂಕಿಗಳನ್ನು ಒದಗಿಸಿತು.

ಉಳಿದ ಕಾಲು ಪಾಲು ಗಮಕದ್ದು, ಅದಕ್ಕೆ ಉತ್ತರವಿಲ್ಲ. ಮುಚ್ಚಳ ತೆರೆದಿರಬೇಕು, ಇಲ್ಲವೆ ಮುಚ್ಚಿರಬೇಕು. ತೋಡಿಯ ಗಾಂಧಾರವು ಒಂದು ಬಿಂದುವಲ್ಲ, ಓಲಾಟ. ಅದು ಯಾವ ಮನೆಯಲ್ಲಿಯೂ ವಾಸ ಮಾಡುವುದಿಲ್ಲ.

ಈ ವ್ಯಾಜ್ಯ ಹಳೆಯದು. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು ೧೯೧೦ರಲ್ಲಿ ಇಪ್ಪತ್ತೆರಡು ಶ್ರುತಿಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಕಂಠ ಆ ಪ್ರಯೋಗಗಳಿಗೆ ನೆರವಾಯಿತು. ಅನಂತರ ದೇವಲರೂ ಕ್ಲೆಮೆಂಟ್ಸ್ ಎಂಬ ಆಂಗ್ಲ ಅಧಿಕಾರಿಯೂ ಸೇರಿ ಶ್ರುತಿ ಹಾರ್ಮೋನಿಯಮ್ಮನ್ನು ಮಾಡಿಸಿದರು. ೧೯೧೬ರ ಬರೋಡ ಸಂಗೀತ ಪರಿಷತ್ತಿನಲ್ಲಿ ಅದು ಚರ್ಚೆಗೆ ಬಂದು ವಿದ್ವಾಂಸರ ಒಪ್ಪಿಗೆ ಪಡೆಯಲಿಲ್ಲ. ಮುಂದೆ ದೆಹಲಿಯ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತದ ಮುಖ್ಯಸ್ಥರಾಗಿದ್ದ ಜಾನ್ ಫೌಲ್ಡ್ಸ್ ಈ ವಾದ್ಯವನ್ನು ಕಟುವಾಗಿ ಖಂಡಿಸಿದರು. ಶಾಂತಿನಿಕೇತನದಿಂದ ಇದನ್ನು ಹೊರಗಿಟ್ಟಿದ್ದ ರವೀಂದ್ರನಾಥ ಠಾಕೂರರು ೧೯೪೦ರ ಜನವರಿಯಲ್ಲಿ ಕಲ್ಕತ್ತಾ ನಿಲಯಕ್ಕೆ ಪತ್ರ ಬರೆದು ಅಲ್ಲಿಂದಲೂ ಕಳಿಸಿಬಿಡಬೇಕೆಂದರು. ಅದೇ ವರ್ಷ ಮಾರ್ಚಿ ಒಂದರಿಂದ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಮ್ಮನ್ನು ನಿಷೇಧಿಸಿತು. ಖಂಡಿಸಿದವರಲ್ಲಿ ಒಬ್ಬರು ಆಂಗ್ಲರು, ಸಮರ್ಥಿಸಲು ಉಳಿದವರು ನಮ್ಮ ಬಡಗಿಗಳು ಎಂಬುದು ವಿಚಿತ್ರವಾದರೂ ನಿಜ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಆಕಾಶವಾಣಿಯು ಆಗ ದೆಹಲಿಯ ಅಧೀನವಾಗಿರಲಿಲ್ಲ. ೧೯೪೨ರಲ್ಲಿ ಸಂಸ್ಥಾನಕ್ಕೂ ೧೯೫೦ರಲ್ಲಿ ಆಲ್ ಇಂಡಿಯಾ ರೇಡಿಯೋಗೂ ಅದು ಸೇರಿತು. ನಿಷೇಧ ಸಡಿಲವಾದದ್ದು ೧೯೭೧ರಲ್ಲಿ. ಮೂವತ್ತೊಂದು ವರ್ಷ ರೇಡಿಯೋದಲ್ಲಿ ಇಲ್ಲದ ವಾದ್ಯ ಆ ಮೂವತ್ತೊಂದು ವರ್ಷವೂ ಭಜನೆಯಲ್ಲಿ, ನಾಟಕದಲ್ಲಿ, ಉತ್ತರ ಕರ್ನಾಟಕದ ಬೈಠಕ್ಕುಗಳಲ್ಲಿ ನುಡಿಯುತ್ತಲೇ ಇತ್ತು. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥವರು ಗಾಯಕನ ನೆರಳಾಗಿ ನಡೆದುದನ್ನು ಕೇಳಿದರೆ, ಕುಶಲಿಯ ಬೆರಳು ಪೆಟ್ಟಿಗೆಯ ಕೊರತೆಯನ್ನು ಎಷ್ಟರಮಟ್ಟಿಗೆ ಮರೆಸಬಲ್ಲುದೆಂಬುದು ತಿಳಿಯುತ್ತದೆ.

ಪೆಟ್ಟಿಗೆಗೆ ನಿಜವಾದ ಸಂಕಟ ಬಂದದ್ದು ನಿಷೇಧದಿಂದಲ್ಲ, ಅನುಕೂಲದಿಂದ. ಗಿರಾಕಿಗಳು ಸ್ಕೇಲ್ ಚೇಂಜರ್ ಬೇಕೆಂದರು. ಅದರಲ್ಲಿ ಪಟ್ಟಿಗಳ ಸಾಲನ್ನೇ ಪಕ್ಕಕ್ಕೆ ಸರಿಸಬಹುದು. ಬೆರಳು ಕಲಿತ ಜಾಗ ಬದಲಾಗದೆ ಶ್ರುತಿ ಬದಲಾಗುತ್ತದೆ. ಆದರೆ ಸರಿಯುವುದು ಪಟ್ಟಿ, ಕೆಳಗಿನ ನಾಲಗೆ ಇದ್ದಲ್ಲೇ ಇರುತ್ತದೆ. ಇಂದು ಗಾಂಧಾರವಾದ ನಾಲಗೆ ನಾಳೆ ಪಂಚಮವಾಗಬೇಕು. ಆದ್ದರಿಂದ ಅಂಥ ಪೆಟ್ಟಿಗೆಯನ್ನು ಸಮಭಾಗವಾಗಿಯೇ ಕೂಡಿಸಬೇಕು. ಒಬ್ಬರ ಕಂಠಕ್ಕೆ ಹೊಂದಿಸುವಂತಿಲ್ಲ. "ಮೊದಲು ಹಾಡಿ" ಎಂಬ ಮಾತು ಕಾರ್ಖಾನೆಯಿಂದ ಹೊರಟುಹೋದದ್ದು ಹೀಗೆ. ಬೆನ್ನಿಗೇ ವಿದ್ಯುತ್ತಿನ ಕೀಬೋರ್ಡುಗಳು ಬಂದವು: ಹಗುರ, ಅಗ್ಗ, ನೂರು ವಾದ್ಯಗಳ ದನಿ. ಇನ್ನೊಂದು ಕಡೆ, ನಮ್ಮ ಬೆಂಗಳೂರಿನಲ್ಲಿಯೇ ಜಿ. ರಾಜ್ ನಾರಾಯಣ್ ಎಂಬ ಇಂಜಿನಿಯರು ೧೯೭೯ರಲ್ಲಿ ರಾಡೆಲ್ ಸಂಸ್ಥೆಯನ್ನು ಸ್ಥಾಪಿಸಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ತಯಾರಿಸಿದರು. ತಿದಿಯೊತ್ತುವ ಶ್ರುತಿಪೆಟ್ಟಿಗೆಯ ಕಾಲ ಅಲ್ಲಿಗೆ ಮುಗಿಯುತ್ತ ಬಂತು. ನಮ್ಮ ಕಸುಬಿಗೆ ಅದು ನಷ್ಟವೇ ಸರಿ. ಆದರೂ ತಿರುಪನ್ನು ತಿರುಗಿಸಿ ಎರಡು ಮನೆಗಳ ನಡುವೆ ಎಲ್ಲಿ ಬೇಕಾದರಲ್ಲಿ ನಿಲ್ಲಬಹುದಾದ ಆ ಉಪಕರಣವನ್ನು ದೊಡ್ಡಪ್ಪನವರು ಮೆಚ್ಚಿದರು.

ಈಗ ಹಜಾರದಲ್ಲಿ ಹೊಸ ಪೆಟ್ಟಿಗೆಯನ್ನು ಮಾಡುವುದಿಲ್ಲ. ಅವರ ಮಗ ಇಂದಿರಾನಗರದ ಒಂದು ಕಚೇರಿಯಲ್ಲಿ ಬೇರೊಂದು ಬಗೆಯ ಕೀಬೋರ್ಡಿನ ಮುಂದೆ ಕೂರುತ್ತಾನೆ. ಭಾನುವಾರಗಳಲ್ಲಿ ರಿಪೇರಿ ನೋಡುತ್ತಾನೆ. ನಾಲಗೆಗಳು ಗುಜರಾತಿನ ಪಾಲಿತಾಣಾದಿಂದ ಬರುತ್ತವೆ, ಪೆಟ್ಟಿಗೆಗಳು ಕಲ್ಕತ್ತೆಯಿಂದಲೂ ದೆಹಲಿಯಿಂದಲೂ ಸಿದ್ಧವಾಗಿಯೇ ಬರುತ್ತವೆ, ಎಲ್ಲವೂ ಸಮಭಾಗದವು. ವರ್ಷಕ್ಕೆ ಒಬ್ಬಿಬ್ಬರು ಗಾಯಕರು ಹೊಸ ಪೆಟ್ಟಿಗೆಯನ್ನು ಹೊತ್ತು ತಂದು, ಗಾಂಧಾರ ಚುಚ್ಚುತ್ತದೆ, ಸ್ವಲ್ಪ ಇಳಿಸಿಕೊಡಿ ಎನ್ನುತ್ತಾರೆ. ಎಂಬತ್ತು ದಾಟಿದ ದೊಡ್ಡಪ್ಪನವರು ಆಗ ಅರವನ್ನು ತರಿಸಿಕೊಳ್ಳುತ್ತಾರೆ. ಅವರ ಕೈ ಈಗ ನಡುಗುವುದರಿಂದ ಸವರುವವನು ಮಗ. ಸಾಕು ಎನ್ನುವವರು ಅವರು.