ನೀಲಗಿರಿ ತರಗು ಮತ್ತು ಮರದ ಹೊಟ್ಟು: ಹೊಲಕ್ಕೆ ಹಾಕುವ ಮೊದಲು

ಬೆಂಗಳೂರಿನ ಸುತ್ತಲಿನ ಕೆಂಪು ಮಣ್ಣಿನ ಹೊಲಗಳು ರಾಗಿ, ಅವರೆ, ಹುರುಳಿಗೆ ಹೆಸರಾದವು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಕಾಲಕ್ಕೆ ವೈಟ್‌ಫೀಲ್ಡ್ ಆಚೆಯ ಹೊಸಕೋಟೆ, ಎಲೆಕ್ಟ್ರಾನಿಕ್ ಸಿಟಿ ಆಚೆಯ ಆನೇಕಲ್ ಕಡೆಗಳಲ್ಲಿ ಇಂತಹ ಅನೇಕ ಹೊಲಗಳು ನೀಲಗಿರಿ ತೋಪುಗಳಾದವು. 2017ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ತೋಪು ಕಡಿಸಿ, ಬುಡ ಕೀಳಿಸಿ, ಮತ್ತೆ ರಾಗಿ ಬಿತ್ತಲು ಹೊರಟ ರೈತರ ಮುಂದೆ ಈಗ ಎರಡು ಪ್ರಶ್ನೆಗಳಿವೆ. ನೆಲದ ಮೇಲೆ ಬಿದ್ದಿರುವ ತರಗನ್ನು ಉತ್ತು ಮಣ್ಣಿಗೆ ಸೇರಿಸಬಹುದೇ? ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಮರದ ಪೆಟ್ಟಿಗೆ, ಹಲಗೆ ಕೆಲಸದಿಂದ ಸಿಗುವ ಹೊಟ್ಟನ್ನು ಗೊಬ್ಬರವಾಗಿ ಬಳಸಬಹುದೇ? ಎರಡಕ್ಕೂ ಉತ್ತರ ಒಂದೇ: ಹಸಿಯಾಗಿ ಹಾಕಬಾರದು, ಕೊಳೆಸಿ ಹಾಕಬಹುದು. ಇದಕ್ಕೆ ಕಾರಣ ಮರದೊಳಗಿನ ಸಾರಪದಾರ್ಥಗಳು.

ಸಾರಪದಾರ್ಥಗಳು ಎಂದರೇನು?

ಮರದ ಮೈ ಮುಖ್ಯವಾಗಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್‌ಗಳಿಂದ ಆದದ್ದು. ಇವನ್ನು ಮನೆಯ ಗೋಡೆಗೆ ಹೋಲಿಸಬಹುದು. ಇವಲ್ಲದೆ ನೀರಿನಲ್ಲೋ, ಸ್ಪಿರಿಟ್‌ನಂತಹ ದ್ರಾವಕದಲ್ಲೋ ಕರಗಿ ಹೊರಬರುವ ಎಣ್ಣೆ, ಅಂಟು, ಒಗರು, ಬಣ್ಣದ ವಸ್ತುಗಳು ಅಲ್ಪ ಪ್ರಮಾಣದಲ್ಲಿ ಇರುತ್ತವೆ. ಇವೇ ಸಾರಪದಾರ್ಥಗಳು. ಸಾಮಾನ್ಯವಾಗಿ ಇವು ಮರದ ತೂಕದಲ್ಲಿ ಶೇಕಡಾ ಹತ್ತಕ್ಕಿಂತ ಕಡಿಮೆ. ಆದರೂ ಮರದ ಗುಣವನ್ನು ನಿರ್ಧರಿಸುವುದರಲ್ಲಿ ಇವುಗಳ ಪಾತ್ರ ದೊಡ್ಡದು. ಶ್ರೀಗಂಧದ ಚೇಗಿನ ಪರಿಮಳಕ್ಕೆ ಸ್ಯಾಂಟಲಾಲ್ ಕಾರಣ. ಅದು ಹೊರಗಿನ ಬಿಳಿ ಭಾಗದಲ್ಲಿ ಇಲ್ಲದ್ದರಿಂದ ಅಲ್ಲಿ ಪರಿಮಳವೂ ಇಲ್ಲ. ತೇಗದ ಚೇಗಿಗೆ ಗೆದ್ದಲು ಸುಲಭವಾಗಿ ಹತ್ತದಿರಲು ಅದರೊಳಗಿನ ಕ್ವಿನೋನ್ ವಸ್ತುಗಳು ಕಾರಣ. ಬೇವಿನ ಬೀಜದ ಅಜಾಡಿರಾಕ್ಟಿನ್, ಹೊಂಗೆಯ ಕರಂಜಿನ್ ಇದೇ ಬಗೆಯವು. ಗಿಡಮರಗಳು ಹುಳು, ಶಿಲೀಂಧ್ರಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಇಂತಹ ವಸ್ತುಗಳು ನೆರವಾಗುತ್ತವೆ.

ಬೆಳೆಗೆ ತೊಂದರೆ ಹೇಗೆ?

ಮರಕ್ಕೆ ಕಾವಲಾಗಿರುವ ವಸ್ತು ನೆರೆಯ ಸಸಿಗೆ ಹಾನಿ ಮಾಡಬಹುದು. ಒಂದು ಸಸ್ಯದ ರಾಸಾಯನಿಕಗಳು ಇನ್ನೊಂದರ ಮೇಲೆ ಬೀರುವ ಇಂತಹ ಪ್ರಭಾವಕ್ಕೆ 1937ರಲ್ಲಿ ಹಾನ್ಸ್ ಮೋಲಿಶ್ ಎಂಬ ಸಸ್ಯವಿಜ್ಞಾನಿ ‘ಅಲಿಲೋಪತಿ’ ಎಂಬ ಹೆಸರು ಕೊಟ್ಟರು. ನೀಲಗಿರಿ ಎಲೆಯಲ್ಲಿ ಸಿನಿಯೋಲ್ ಮುಂತಾದ ಎಣ್ಣೆಗಳೂ, ಟ್ಯಾನಿನ್ ಎಂಬ ಒಗರೂ, ಗ್ಯಾಲಿಕ್ ಆಮ್ಲದಂತಹ ಫೀನಾಲ್ ವಸ್ತುಗಳೂ ಇವೆ. ಮಳೆ ಬಿದ್ದಾಗ ನೀರಿನಲ್ಲಿ ಕರಗುವ ಭಾಗ ಮೇಲ್ಮಣ್ಣಿಗೆ ಇಳಿಯುತ್ತದೆ. ಇದರಿಂದ ಬೀಜದ ಮೊಳಕೆ ತಡವಾಗಬಹುದು, ಎಳೆಯ ಬೇರು ಮೊಟಕಾಗಬಹುದು. ಟ್ಯಾನಿನ್ ಪ್ರೋಟೀನಿನೊಡನೆ ಬೆಸೆದುಕೊಳ್ಳುವುದರಿಂದ ತರಗು ಕೊಳೆಯುವುದೂ ನಿಧಾನವಾಗುತ್ತದೆ.

ಮರದ ಹೊಟ್ಟಿನಲ್ಲಿ ತೊಂದರೆ ಇನ್ನೊಂದು ಬಗೆಯದು. ಅದರಲ್ಲಿ ಇಂಗಾಲ ಬಹಳ, ಸಾರಜನಕ ಅತ್ಯಲ್ಪ. ಹೊಟ್ಟನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಒಂದು ಟನ್ ಒಣ ಹೊಟ್ಟು ಕೊಳೆಯುವಾಗ ಸುಮಾರು 8ರಿಂದ 10 ಕಿ.ಗ್ರಾಂ. ಸಾರಜನಕ ಹೀಗೆ ಕಟ್ಟಿಬೀಳಬಹುದು. ಮಳೆಯಾಶ್ರಿತ ರಾಗಿಗೆ ಎಕರೆಗೆ ಶಿಫಾರಸು ಮಾಡಿರುವುದೇ 20 ಕಿ.ಗ್ರಾಂ. ಪೈರು ಹಳದಿಯಾಗಿ ನಿಂತುಬಿಡುವುದಕ್ಕೆ ಇಷ್ಟು ಸಾಕು.

ಎಲ್ಲ ದೋಷವೂ ಎಲೆಯದಲ್ಲ

ನೀಲಗಿರಿ ತೆಗೆದ ಹೊಲದಲ್ಲಿ ಬೆಳೆ ಸೊರಗಿದರೆ ಎಲೆಯ ವಿಷವೇ ಕಾರಣವೆಂದು ತೀರ್ಮಾನಿಸುವುದು ಸರಿಯಲ್ಲ. 1980ರ ದಶಕದ ಕೊನೆಯಲ್ಲಿ ಹೊಸಕೋಟೆ ಬಳಿ ನಡೆದ ಅಧ್ಯಯನದಲ್ಲಿ, ಆಳವಾದ ಮಣ್ಣಿನಲ್ಲಿ ನೀಲಗಿರಿಯು ಆ ಅವಧಿಯಲ್ಲಿ ಬಿದ್ದ ಮಳೆಗಿಂತ ಹೆಚ್ಚು ನೀರನ್ನು ನೆಲದಿಂದ ಹೀರಿರುವುದು ಕಂಡುಬಂದಿತು. ಆದ್ದರಿಂದ ಆಳದ ತೇವ ಬತ್ತಿರುವುದೂ ಬೆಳೆ ಸೊರಗಲು ಕಾರಣವಾಗಬಹುದು. ಯಾವುದು ಮುಖ್ಯ ಕಾರಣವೆಂದು ತಿಳಿದರೆ ಖರ್ಚು ಉಳಿಯುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು

1. ಒಣಗಿದ ತರಗು 100 ಗ್ರಾಂ ಪುಡಿ ಮಾಡಿ 1 ಲೀಟರ್ ನೀರಿನಲ್ಲಿ 24 ಗಂಟೆ ನೆನೆಸಿ, ಬಟ್ಟೆಯಲ್ಲಿ ಸೋಸಬೇಕು. ಎರಡು ತಟ್ಟೆಗಳಲ್ಲಿ ಬಟ್ಟೆ ಹಾಸಿ ತಲಾ 50 ರಾಗಿ ಕಾಳು ಹರಡಿ, ಒಂದಕ್ಕೆ ಸೋಸಿದ ನೀರನ್ನೂ ಇನ್ನೊಂದಕ್ಕೆ ಬರಿಯ ನೀರನ್ನೂ ಚಿಮುಕಿಸಬೇಕು. 7ನೆಯ ದಿನ ಮೊಳಕೆ ಎಣಿಸಿ, ಬೇರಿನ ಉದ್ದ ಹೋಲಿಸಬೇಕು. ಮೊಳಕೆಯ ಸಂಖ್ಯೆ ಒಂದೇ ಇದ್ದರೂ ಬೇರು ಗಿಡ್ಡವಾಗಿದ್ದರೆ ತರಗಿನ ಸಾರ ಹಾನಿ ಮಾಡುತ್ತಿದೆ ಎಂದು ತಿಳಿಯಬೇಕು.

2. ನೀಲಗಿರಿ ತೆಗೆದ ಹೊಲದ ಮೇಲ್ಮಣ್ಣನ್ನು ಒಂದು ಕುಂಡಕ್ಕೂ, ಪಕ್ಕದ ರಾಗಿ ಹೊಲದ ಮಣ್ಣನ್ನು ಇನ್ನೊಂದಕ್ಕೂ ತುಂಬಿ, ಎರಡರಲ್ಲೂ ರಾಗಿ ಬಿತ್ತಿ ಸಮನಾಗಿ ನೀರು ಕೊಡಬೇಕು. ಪೈರು ಎರಡರಲ್ಲೂ ಒಂದೇ ಸಮ ಬೆಳೆದರೆ ಹೊಲದ ಕೊರತೆ ಬಹುಮಟ್ಟಿಗೆ ತೇವದ್ದು. ಬದು ಹಾಕಿ ಮಳೆನೀರು ಇಂಗಿಸುವುದು ಮೊದಲ ಕೆಲಸ. ನೀರಿದ್ದರೂ ಸೊರಗಿದರೆ ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರದತ್ತ ಗಮನ ಕೊಡಬೇಕು.

ಕೊಳೆಸುವ ಕ್ರಮ

ನೀರಿನಲ್ಲಿ ಕರಗುವ ಸಾರ ತೊಳೆದುಹೋಗುತ್ತದೆ, ಎಣ್ಣೆ ಆರಿಹೋಗುತ್ತದೆ, ಉಳಿದದ್ದನ್ನು ಸೂಕ್ಷ್ಮಜೀವಿಗಳು ಒಡೆಯುತ್ತವೆ. ಇದಕ್ಕೆ ಬೇಕಾದದ್ದು ತೇವ, ಗಾಳಿ, ಸಾರಜನಕ ಮತ್ತು ಕಾಲಾವಕಾಶ. ತರಗನ್ನು ನೆಲದ ಮೇಲೆ ರಾಶಿ ಹಾಕಿ ಒಂದೆರಡು ಒಳ್ಳೆಯ ಮಳೆಗೆ ಬಿಡಬೇಕು, ಇಲ್ಲವೇ ಚೆನ್ನಾಗಿ ನೀರು ಹಾಯಿಸಬೇಕು. ತೊಳೆದ ಕಂದು ನೀರು ಒಟ್ಲಿನ ಕಡೆಗೆ ಹರಿಯಬಾರದು. ಅನಂತರ 15 ಸೆಂ.ಮೀ. ತರಗು, ಅದರ ಮೇಲೆ ಸಗಣಿ ಬಗ್ಗಡ, ಹೊಂಗೆ ಅಥವಾ ಗ್ಲಿರಿಸಿಡಿಯಾ ಹಸಿರು ಸೊಪ್ಪು, ತೆಳುವಾಗಿ ಮಣ್ಣು, ಹೀಗೆ ಪದರಗಳನ್ನು ಹಾಕಬೇಕು. ಪ್ರತಿ 100 ಕಿ.ಗ್ರಾಂ. ಒಣ ತರಗಿಗೆ 1 ಕಿ.ಗ್ರಾಂ. ಯೂರಿಯಾ ಬಗ್ಗಡದಲ್ಲಿ ಕಲಸಿ ಹಾಕಬಹುದು. ಹೊಟ್ಟು ಸೇರಿಸುವುದಾದರೆ ಒಟ್ಟು ಕಸದ ಕಾಲು ಭಾಗ ಮೀರದಿರಲಿ. ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ತಿಂಗಳಿಗೊಮ್ಮೆ ಮಗುಚಿ ಹಾಕಿದರೆ ತರಗು 4 ತಿಂಗಳ ಸುಮಾರಿಗೆ ಹದಕ್ಕೆ ಬರುತ್ತದೆ. ಹೊಟ್ಟು ಇದ್ದರೆ ಇನ್ನೂ ಹೆಚ್ಚು ಕಾಲ ಬೇಕು. ಹದಕ್ಕೆ ಬಂದ ಗೊಬ್ಬರ ಕಪ್ಪಾಗಿರುತ್ತದೆ, ನೀಲಗಿರಿ ವಾಸನೆ ಇರುವುದಿಲ್ಲ. ಈ ಗೊಬ್ಬರದಿಂದಲೇ ಮೇಲಿನ ತಟ್ಟೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ನೋಡುವುದು ಉತ್ತಮ.

ಎಚ್ಚರಿಕೆ

ಕಾರ್ಖಾನೆಗಳಿಂದ ಬರುವ ಹೊಟ್ಟೆಲ್ಲ ಒಂದೇ ಅಲ್ಲ. ಪ್ಲೈವುಡ್ ಪುಡಿಯಲ್ಲಿ ಅಂಟಿನ ರಾಸಾಯನಿಕಗಳಿರುತ್ತವೆ. ಬಣ್ಣ ಬಳಿದ ಮರದಲ್ಲಿಯೂ, ಗೆದ್ದಲು ನಿರೋಧಕ ಔಷಧಿ ಕುಡಿಸಿದ ಮರದಲ್ಲಿಯೂ ಲೋಹದ ವಿಷವಿರಬಹುದು. ಕೊಳೆಸಿದರೂ ಲೋಹ ಹೋಗುವುದಿಲ್ಲ. ಇಂತಹ ಹೊಟ್ಟನ್ನು ಹೊಲಕ್ಕಾಗಲೀ ದನದ ಕೊಟ್ಟಿಗೆಗಾಗಲೀ ತರಬಾರದು. ಯಾವ ಮರ, ಯಾವ ಕೆಲಸದ ಹೊಟ್ಟು ಎಂದು ಕೇಳಿ ತಿಳಿದ ಮೇಲೆಯೇ ಗಾಡಿ ತುಂಬಿಸಬೇಕು.

ತರಗಿಗೆ ಬೆಂಕಿ ಇಟ್ಟರೆ ಸಾರಪದಾರ್ಥದ ಜೊತೆಗೆ ಸಾರಜನಕವೂ ಇಂಗಾಲವೂ ಹೊಗೆಯಾಗಿ ಹೋಗುತ್ತವೆ. ಹಲವು ವರ್ಷ ತೋಪು ಹೊತ್ತ ನೆಲಕ್ಕೆ ಬೇಕಾದದ್ದು ಇವೇ. ಒಂದು ಮಳೆಗಾಲ ತಾಳ್ಮೆಯಿಂದ ಕೊಳೆಸಿದರೆ ಅದೇ ತರಗು ಮುಂದಿನ ರಾಗಿಗೆ ಗೊಬ್ಬರವಾಗುತ್ತದೆ.