ವಿದ್ಯುತ್ ಗಿಟಾರಿಗೆ ತಕ್ಕ ಸ್ವಿಚ್ಚುಗಳ ಆಯ್ಕೆ

ಸಾಮಾನ್ಯ ಗಿಟಾರಿನ ನಾದಕ್ಕೆ ಅದರ ಪೊಳ್ಳಾದ ಮರದ ಒಡಲೇ ಆಧಾರ. ವಿದ್ಯುತ್ ಗಿಟಾರಿನ ರೀತಿ ಬೇರೆ. ಅದರ ಉಕ್ಕಿನ ತಂತಿಗಳನ್ನು ಮಿಡಿದಾಗ, ಅವುಗಳ ಕೆಳಗೆ ಅಯಸ್ಕಾಂತದ ಸುತ್ತ ಸುತ್ತಿರುವ ತಾಮ್ರದ ಸುರುಳಿಯಲ್ಲಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುತ್ತದೆ. ಈ ಸಾಧನಕ್ಕೆ ಪಿಕಪ್ ಎಂದು ಹೆಸರು. ಅಲ್ಲಿ ಹುಟ್ಟಿದ ವಿದ್ಯುತ್ತು ಸ್ವಿಚ್ಚು ಹಾಗೂ ಧ್ವನಿನಿಯಂತ್ರಕಗಳ ಮೂಲಕ ಹಾಯ್ದು ಆಂಪ್ಲಿಫೈಯರನ್ನು ಸೇರಿ ನಾದವಾಗಿ ಪರಿಣಮಿಸುತ್ತದೆ. ವಾದ್ಯದ ಕೊರಳ ಬಳಿಯ ಪಿಕಪ್ಪಿನ ಧ್ವನಿ ಮೃದು. ಕುದುರೆಯ ಬಳಿಯದರ ಧ್ವನಿ ತೀಕ್ಷ್ಣ. ಇವುಗಳಲ್ಲಿ ಯಾವುದು ನುಡಿಯಬೇಕೆಂಬುದನ್ನು ನಿರ್ಣಯಿಸುವುದು ಸ್ವಿಚ್ಚು. ಅದು ಕೆಟ್ಟರೆ ಸಭೆಯ ನಡುವೆ ವಾದ್ಯವೇ ಮೂಕವಾದೀತು. ಆದುದರಿಂದ ಗಿಟಾರಿನ ಒಳಗಿನ ವೈರುಗಳ ಜೋಡಣೆಯನ್ನು ಮಾರ್ಪಡಿಸುವವರು ಮೊದಲು ಗಮನಿಸತಕ್ಕದ್ದು ಸ್ವಿಚ್ಚಿನ ಗುಣವನ್ನು.

ಅಮೆರಿಕದ ಫೆಂಡರ್ ಸಂಸ್ಥೆಯು 1954ರಲ್ಲಿ ಹೊರತಂದ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನ ಇತಿಹಾಸದಲ್ಲಿ ಇದಕ್ಕೆ ನಿದರ್ಶನವುಂಟು. ಅದರಲ್ಲಿದ್ದುದು ಮೂರು ಪಿಕಪ್ಪುಗಳು, ಮೂರು ನೆಲೆಗಳ ಒಂದು ಸ್ವಿಚ್ಚು. ಅದರ ಹಿಡಿಯನ್ನು ಎರಡು ನೆಲೆಗಳ ನಡುವೆ ನಿಲ್ಲಿಸಿದರೆ ಎರಡು ಪಿಕಪ್ಪುಗಳು ಒಟ್ಟಿಗೆ ನುಡಿದು ಬೇರೊಂದು ಇಂಪು ಹೊಮ್ಮುವುದೆಂದು ವಾದಕರು ಕಂಡುಕೊಂಡರು. ಆದರೆ ನಡುವೆ ನಿಲ್ಲುವಂತೆ ನಿರ್ಮಿಸದ ಹಿಡಿ ಸುಲಭವಾಗಿ ಜಾರುತ್ತಿತ್ತು. ಕೊನೆಗೆ 1977ರಲ್ಲಿ ಸಂಸ್ಥೆಯೇ ಐದು ನೆಲೆಗಳ ಸ್ವಿಚ್ಚನ್ನು ಅಳವಡಿಸಿತು. ಬೇಕಾದ ಪ್ರತಿಯೊಂದು ನೆಲೆಯಲ್ಲಿಯೂ ಹಿಡಿಯು ದೃಢವಾಗಿ ನಿಲ್ಲಬೇಕೆಂಬುದು ಇದರಿಂದ ತಿಳಿಯತಕ್ಕ ಮೊದಲನೆಯ ಅಂಶ.

ಎರಡನೆಯದು ಸಂಪರ್ಕಬಿಂದುಗಳ ವಿಚಾರ. ಹೆಚ್ಚು ಆಂಪಿಯರ್ ತಡೆಯಬಲ್ಲ ಸ್ವಿಚ್ಚೇ ಹೆಚ್ಚು ಬಾಳುವುದೆಂದು ಹಲವರು ಭಾವಿಸುತ್ತಾರೆ. ಮನೆಯ ದೀಪಕ್ಕೆ ಈ ಮಾತು ಸಲ್ಲಬಹುದು, ಗಿಟಾರಿಗೆ ಸಲ್ಲದು. ಇಲ್ಲಿ ಹರಿಯುವುದು ಆಂಪಿಯರಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲುಗಳಷ್ಟು ವಿದ್ಯುತ್ತು. ಬೆಳ್ಳಿಯ ಸಂಪರ್ಕಬಿಂದುಗಳ ಮೇಲೆ ಗಾಳಿಯಲ್ಲಿನ ಗಂಧಕದ ಅಂಶದಿಂದ ಕಪ್ಪು ಪೊರೆ ಕಟ್ಟುತ್ತದೆ. ದೀಪದ ಸ್ವಿಚ್ಚಿನಲ್ಲಿ ಹೆಚ್ಚಿನ ವೋಲ್ಟೇಜು, ಕಿಡಿ ಇವುಗಳಿಂದ ಆ ಪೊರೆ ಹರಿದುಹೋಗುತ್ತದೆ. ಗಿಟಾರಿನ ಕ್ಷೀಣವಾದ ವಿದ್ಯುತ್ತಿಗೆ ಆ ಶಕ್ತಿ ಇಲ್ಲ. ಆಗ ಕರಕರ ಸದ್ದು ಕೇಳಿಸೀತು, ಇಲ್ಲವೆ ನಾದವೇ ನಿಂತೀತು. ಆದುದರಿಂದ ಚಲಿಸುವಾಗಲೆಲ್ಲ ಒಂದನ್ನೊಂದು ಉಜ್ಜಿ ತಾವೇ ಶುಚಿಯಾಗುವ ಸಂಪರ್ಕಬಿಂದುಗಳುಳ್ಳ ಸ್ವಿಚ್ಚು ಮೇಲು. ಚಿಕ್ಕ ಟಾಗಲ್ ಸ್ವಿಚ್ಚುಗಳಲ್ಲಿ ಚಿನ್ನದ ಲೇಪವುಳ್ಳವು ಉತ್ತಮ. ಚಿನ್ನಕ್ಕೆ ಕಿಲುಬು ಹಿಡಿಯದು.

ಮೂರನೆಯದು ರಚನೆ. ಒಳಭಾಗ ಕಾಣುವಂತೆ ತೆರೆದಿರುವ ಸ್ವಿಚ್ಚನ್ನು ಶುಚಿಗೊಳಿಸಬಹುದು. 1952ರ ಗಿಬ್ಸನ್ ಲೆಸ್ ಪಾಲ್ ಗಿಟಾರಿನಲ್ಲಿರುವಂತಹ ಟಾಗಲ್ ಸ್ವಿಚ್ಚಿನ ಲೋಹದ ಪಟ್ಟಿಗಳು ಸಡಿಲವಾದರೆ ಮೆಲ್ಲನೆ ಬಾಗಿಸಿ ಸರಿಪಡಿಸಬಹುದು. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿದ ಅಗ್ಗದ ಸ್ವಿಚ್ಚು ಕೆಟ್ಟರೆ ಬಹುಮಟ್ಟಿಗೆ ಬದಲಿಸುವುದೇ ದಾರಿ. ನೆಲೆ ಬದಲಿಸುವಾಗ ಹಳೆಯ ಸಂಪರ್ಕ ಬಿಡುವ ಮುನ್ನವೇ ಹೊಸ ಸಂಪರ್ಕ ಕೂಡುವಂತಿದ್ದರೆ ನಾದ ಕಡಿಯದೆ ಮುಂದುವರಿಯುತ್ತದೆ.

ಹೊಸ ಸ್ವಿಚ್ಚಿಗೆಂದು ವಾದ್ಯದಲ್ಲಿ ಕೊರೆದ ರಂಧ್ರವನ್ನು ಮುಚ್ಚಿದರೂ ಅದರ ಗುರುತು ಉಳಿಯುವುದು. ಹಳೆಯ ವಾದ್ಯದ ಬೆಲೆಯೂ ತಗ್ಗುವುದು. ಹಿಡಿಯನ್ನು ಮೇಲಕ್ಕೆಳೆದರೆ ಸ್ವಿಚ್ಚಿನಂತೆಯೂ ವರ್ತಿಸುವ ಧ್ವನಿನಿಯಂತ್ರಕವನ್ನು ಹಳೆಯ ನಿಯಂತ್ರಕದ ಸ್ಥಾನದಲ್ಲಿಯೇ ಕೂರಿಸಬಹುದಾದುದರಿಂದ ಈ ಹಾನಿ ತಪ್ಪುತ್ತದೆ. ಆದರೆ ಅದು ಉದ್ದವಾದದ್ದು. ಒಳಗಿನ ಗುಳಿಯ ಆಳವನ್ನು ಮುಂಚೆಯೇ ಅಳೆಯಬೇಕು. ಅಂಗುಲದ ಅಳತೆಯ ದಂಡಕ್ಕೆ ಮಿಲಿಮೀಟರಿನ ಅಳತೆಯ ಗುಂಡಿ ಸರಿಯಾಗಿ ಕೂರದೆಂಬುದೂ ನೆನಪಿರಲಿ.

ಕೊಳ್ಳುವ ಮುನ್ನ ಮೀಟರಿನಿಂದ ಪ್ರತಿ ನೆಲೆಯನ್ನೂ ಪರೀಕ್ಷಿಸುವುದು ವಿಹಿತ. ಕೂಡಿದ ಸಂಪರ್ಕದ ರೋಧವು ಒಂದು ಓಮಿಗಿಂತ ಕಡಿಮೆಯಿದ್ದು, ಹಿಡಿಯನ್ನು ಅಲುಗಿಸಿದಾಗಲೂ ವ್ಯತ್ಯಾಸವಾಗಬಾರದು. ಬೆಸುಗೆಯನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸಬೇಕು. ಶಾಖ ಅತಿಯಾದರೆ ಪ್ಲಾಸ್ಟಿಕ್ ಕರಗಿ ಸಂಪರ್ಕಬಿಂದು ಓರೆಯಾಗುತ್ತದೆ.

ಒಂದೇ ವಾದ್ಯದಲ್ಲಿ ಹತ್ತಾರು ಧ್ವನಿಗಳನ್ನು ಬಯಸಿ ಸ್ವಿಚ್ಚುಗಳನ್ನು ತುಂಬುವವರಿಗೆ ‘ಅತಿ ಆಸೆ ಗತಿಗೇಡು’ ಎಂಬ ಗಾದೆ ಸಲ್ಲುತ್ತದೆ. ಕೂಡುಗಳು ಹೆಚ್ಚಿದಷ್ಟೂ ಕೆಡುವ ಸ್ಥಳಗಳೂ ಹೆಚ್ಚುತ್ತವೆ. ನಿಜವಾಗಿ ನುಡಿಸುವ ಧ್ವನಿಗಳೆಷ್ಟೆಂಬುದನ್ನು ಮೊದಲು ನಿಶ್ಚಯಿಸಿ, ಹಳೆಯ ಜೋಡಣೆಯ ನಕ್ಷೆಯನ್ನು ಬರೆದಿಟ್ಟುಕೊಂಡು, ತೆಗೆದ ಭಾಗಗಳನ್ನು ಜೋಪಾನವಾಗಿರಿಸಿ ಕೆಲಸಕ್ಕೆ ತೊಡಗುವುದೇ ವಿವೇಕದ ಮಾರ್ಗ.